ಹತ್ತು ಗಂಟೆಯ ಕಾನೂನು

“ಹತ್ತ ಹೊಡಿಯೂ ಮೊದಲ ಕುಡೀಲಿಕ್ಕ ಹೊಂಟೀಯಲ್ಲೋ ಬೋಳಿಮಗನ, ಸರಕಾರ ಟೈಮ್ ಮಾಡಿದ್ದು ನಿಮ್ಮಪ್ಪನ ಮದಿವಿಗೇನು?”

ಜಮಾದಾರ ಶಿವರಾಜ ಕುರ್ಚಿಯ ಮೇಲಿಂದ ಹೀಗೆ ಕೇಳುತ್ತಿದ್ದಾಗ ನಾನು ಪೊಲೀಸ್ ಚೌಕಿಯ ಬಾಗಿಲಿಗೆ ಬಂದು ನಿಂತೆ. ನನ್ನ ಗಂಡ ಸಂಜುಕುಮಾರ ನೆಲದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಒಂದು ಕಪಾಳ ಊದಿತ್ತು. ಮೇಜಿನ ಮೇಲೆ ಮುಚ್ಚಳ ಒಡೆಯದ ಒಂದು ಕ್ವಾರ್ಟರ್ ಬಾಟಲಿ ಇತ್ತು. ಗೋಡೆಯ ಗಡಿಯಾರದಲ್ಲಿ ಏಳಾಗಿತ್ತು.

ಚೌಕಿ ಇರುವುದು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ, ಊರು ಮುಗಿದ ಮೇಲೆ. ಅಲ್ಲಿಂದ ನೂರು ಹೆಜ್ಜೆಗೆ ವೈನ್ ಶಾಪು. ಶಾಪಿನ ಮುಂದಿನ ಶಟರು ಕಾನೂನಿನ ಪ್ರಕಾರ ಬರೋಬರಿ ಹತ್ತಕ್ಕೆ ಏಳುತ್ತದೆ. ಹಿಂದಿನ ಕಿಟಕಿಗೆ ಕಾನೂನು ಇನ್ನೂ ಬಂದು ಮುಟ್ಟಿಲ್ಲ, ಅದು ಕೋಳಿ ಕೂಗುವ ಮೊದಲೇ ತೆರೆದಿರುತ್ತದೆ. ಅಲ್ಲಿ ಕೊಟ್ಟವನನ್ನು ಯಾರೂ ಕೇಳುವುದಿಲ್ಲ, ತೆಗೆದುಕೊಂಡವನನ್ನು ಹಿಡಿಯುತ್ತಾರೆ. ಅದೂ ಎಲ್ಲರನ್ನಲ್ಲ. ಕಾರಿನವರು ಗಾಜು ಇಳಿಸುತ್ತಾರೆ, ಚೀಲ ಒಳಗೆ ಹೋಗುತ್ತದೆ, ಗಾಜು ಏರುತ್ತದೆ. ಕಾನೂನಿಗೆ ಕಾರಿನೊಳಗಿನದು ಕಾಣುವುದಿಲ್ಲ, ಪಾಪ. ನಡೆದು ಬಂದವನ ಲುಂಗಿಯ ಗಂಟು ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತದೆ.

ಸಂಜು ಆ ಕಿಟಕಿಗೆ ಹೋಗಬೇಕಾಗಿರಲಿಲ್ಲ. ತಪ್ಪು ನನ್ನದು.

ನಮ್ಮ ಓಣಿಯ ಗಂಡಸರು ಗಟಾರ ಬಳಿಯುವವರು, ಸಂಡಾಸದ ಗುಂಡಿಗೆ ಇಳಿಯುವವರು. ಇಳಿಯುವ ಮೊದಲು ಹೊಟ್ಟೆಗೆ ಒಂದು ಕ್ವಾರ್ಟರ್ ಬೀಳಬೇಕು. ಇಲ್ಲದಿದ್ದರೆ ಮೂಗು ಒಪ್ಪುವುದಿಲ್ಲ, ಕೈ ಮುಂದೆ ಹೋಗುವುದಿಲ್ಲ. ಸಂಜೆ ಕುಡಿದು ಬಂದ ಗಂಡನಿಗೆ ನಾವು ಹೆಂಗಸರು ಕಸಬರಿಗೆ ತೋರಿಸುತ್ತೇವೆ, ಓಣಿಗೆಲ್ಲ ಕೇಳುವಂತೆ ಅವನ ವಂಶ ತೊಳೆಯುತ್ತೇವೆ. ಬೆಳಗಿನ ಕ್ವಾರ್ಟರಿಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಹಿಂದಿನ ದಿನ ಹಗಲಲ್ಲೇ ಅದನ್ನು ತರಿಸಿ ಹಿಟ್ಟಿನ ಡಬ್ಬಿಯ ಹಿಂದೆ ನಾವೇ ಇಡುತ್ತೇವೆ. ಬೆಳಿಗ್ಗೆ ಹೆಂಡತಿಯೇ ಕೈಯಾರೆ ಕೊಡಬೇಕು, ಅದು ರೂಢಿ.

ಹಿಂದಿನ ದಿನ ಅಮೀರಣ್ಣ, ಗುಂಡಿ ಹೀರುವ ಟ್ಯಾಂಕರಿನ ಡ್ರೈವರ, ನಾಳೆ ಗಾಡಿ ಹುಮನಾಬಾದಿಗೆ ಹೋಗುತ್ತದೆ, ಇಲ್ಲಿ ಕೆಲಸವಿಲ್ಲ ಎಂದಿದ್ದ. ಕೆಲಸವಿಲ್ಲದ ಮೇಲೆ ಬಾಟಲಿ ಯಾಕೆ, ಸಂಜು ರಾತ್ರಿಯೇ ಅದಕ್ಕೆ ಕೈ ಹಾಕಿಯಾನು ಎಂದು ನಾನು ಅದನ್ನು ಮೋರಿಗೆ ಸುರಿದುಬಿಟ್ಟೆ. ಬೆಳಿಗ್ಗೆ ಐದೂವರೆಗೆ ಗುತ್ತೇದಾರನ ಫೋನು ಬಂತು. ಚೌಕಿಯ ಗುಂಡಿ ತುಂಬಿ ಉಕ್ಕಿದೆ, ಟ್ಯಾಂಕರ್ ಇಲ್ಲ, ಕೈಯಲ್ಲೇ ತೆಗೆಯಬೇಕು ಎಂದ. ಸಂಜು ಡಬ್ಬಿಯ ಹಿಂದೆ ಕೈ ಹಾಕಿ ನೋಡಿದ, ನನ್ನ ಮುಖ ನೋಡಿದ, ಲುಂಗಿ ಎತ್ತಿ ಕಟ್ಟಿ ಕಿಟಕಿಯ ದಾರಿ ಹಿಡಿದ.

ಕಿಟಕಿಯಿಂದ ನಾಲ್ಕು ಹೆಜ್ಜೆ ಬರುವುದರೊಳಗೆ ಅವನನ್ನು ಹಿಡಿದರು. ಟ್ಯಾಂಕರ್ ತೆಗೆದುಕೊಂಡು ಹೊರಟಿದ್ದ ಅಮೀರಣ್ಣ ದಾರಿಯಲ್ಲಿ ನೋಡಿ ನನಗೆ ಸುದ್ದಿ ಮುಟ್ಟಿಸಿದ. ಗುಂಡಿ ತೆಗೆಯಲು ಯಾರನ್ನು ಕರೆಸಿದ್ದರೋ ಅವನನ್ನೇ ಹಿಡಿದಿದ್ದರು.

ಯಾಕೆಂದರೆ ಅವತ್ತು ಬೀದರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ದಾರೂ ಮಾರುತ್ತಾರೆಂದು ಪೇಪರಿನಲ್ಲಿ ಬಂದಿತ್ತಂತೆ. ಸಾಹೇಬರಿಗೆ ತೋರಿಸಲು ಒಂದು ಕೇಸು ಬೇಕಿತ್ತು, ಹೋಗಲು ಒಂದು ಸಂಡಾಸ ಬೇಕಿತ್ತು. ಎರಡಕ್ಕೂ ನನ್ನ ಗಂಡನೇ ಸಿಕ್ಕಿದ.

ನಾನು ಕೈ ಮುಗಿದೆ. ನೀವೇ ಕರೆಸಿದ ಮನುಷ್ಯ, ನಿಮ್ಮ ಕೆಲಸಕ್ಕೇ ಬಂದವನು ಎಂದೆ. ಜಮಾದಾರ ಹೆಂಗಸರ ಬಾಯಿಯ ಬಗ್ಗೆ ಒಂದು ಹೊಲಸು ಮಾತಾಡಿ, ಇಬ್ಬರನ್ನೂ ಚೌಕಿಯ ಹಿಂದೆ ಗುಂಡಿಯ ಹತ್ತಿರ ಕರೆದೊಯ್ದ. ಚಪ್ಪಡಿಯನ್ನು ಆಗಲೇ ಸರಿಸಿದ್ದರು. ಗುಂಡಿಯ ಬಾಯಿಯಿಂದ ಬಿಸಿ ಉಸಿರಿನಂತಹ ನಾತ ಬರುತ್ತಿತ್ತು. ನಾನು ಅಲ್ಲೇ ನಿಂತೆ.

ನನ್ನ ತಮ್ಮ ಎರಡು ವರ್ಷದ ಹಿಂದೆ ಹುಮನಾಬಾದಿನಲ್ಲಿ ಒಂದು ಮದುವೆ ಹಾಲಿನ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಅವನೂ ಕುಡಿದೇ ಇಳಿದಿದ್ದ. ಕ್ವಾರ್ಟರ್ ಮೂಗನ್ನು ಕಟ್ಟುತ್ತದೆ, ಗುಂಡಿಯ ಗಾಳಿಯನ್ನಲ್ಲ. ಹೆಣ ನನ್ನ ತವರು ಘಾಟಬೋರಾಳಕ್ಕೆ ಬಂದಾಗ ಒಬ್ಬ ಅಧಿಕಾರಿ ಹಿಂದೆಯೇ ಬಂದು, ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು ಕಾನೂನು ಪೂರ್ತಿ ನಿಷೇಧಿಸಿದೆ ಎಂದು ನಮ್ಮವ್ವನಿಗೆ ತಿಳಿಸಿ ಹೇಳಿದ. ಅವ್ವನಿಗೆ ಬಹಳ ಉಪಯೋಗವಾಯಿತು.

ಜಮಾದಾರನ ಲೆಕ್ಕ ಸರಳವಿತ್ತು. “ಇಳದು ತಗದ್ರ ಕೇಸಿಲ್ಲ. ಇಲ್ಲಂದ್ರ ಕೇಸೂ ಅದ, ನಿಮ್ಮ ಗುತ್ತೇದಾರಗ ಫೋನೂ ಅದ.” ಕೇಸು ಬಿದ್ದವನ ಹೆಸರನ್ನು ಗುತ್ತೇದಾರ ಅವತ್ತೇ ಕೆಲಸದ ಪಟ್ಟಿಯಿಂದ ಹೊಡೆದುಹಾಕುತ್ತಾನೆ. ಸಾಹೇಬರಿಗೆ ತೋರಿಸಲು ಬೇರೆ ಕೇಸು ಬೇಕಲ್ಲ ಎಂದರೆ, ಕಿಟಕಿಯ ಹತ್ತಿರ ಇನ್ನೊಬ್ಬ ಬಡವ ಬರುವುದು ಎಷ್ಟೊತ್ತು.

ಸಂಜು ಇಳಿಯಲು ಒಪ್ಪಿಯೇಬಿಟ್ಟಿದ್ದ. ಅಂಗಿ ಬಿಚ್ಚುತ್ತ, ಒಂದು ಗುಟುಕು ಇಲ್ಲದೆ ಆಗುವುದಿಲ್ಲ ಎಂದಷ್ಟೇ ಹೇಳಿದ. ಜಮಾದಾರ ನಗುತ್ತ ಒಳಗೆ ಹೋಗಿ, ಜಪ್ತಿ ಮಾಡಿದ ಅದೇ ಬಾಟಲಿ ತಂದು ನೆಲಕ್ಕಿಟ್ಟು, ಸಂಜುವಿನ ಕೈ ತನಗೆ ತಾಕದಂತೆ ಲಾಠಿಯ ತುದಿಯಿಂದ ಉರುಳಿಸಿದ. ಬಾಟಲಿ ಸಂಜುವಿನ ಕಾಲ ಹತ್ತಿರ ಬಂದು ನಿಂತಿತು.

“ತಗೋ, ಹೊಟ್ಟಿಗೆ ಹಾಕ್ಕೊಂಡು ಇಳಿ.”

ಆರು ಗಂಟೆಗೆ ಗುನ್ಹೆಯಾಗಿದ್ದ ಬಾಟಲಿ ಎಂಟಕ್ಕೆ ಸರಕಾರಿ ಕೆಲಸವಾಗಿತ್ತು. ಸಂಜುವಿನ ಕೈ ಅದರತ್ತ ಹೋಯಿತು. ನಾನು ಅತ್ತ ನೋಡಲಾರದೆ ಮುಖ ತಿರುಗಿಸಿದೆ. ಹಿತ್ತಲ ಬಾಗಿಲಿನಿಂದ ಒಳಗಿನ ಗಡಿಯಾರ ಕಾಣುತ್ತಿತ್ತು.

“ವರ್ಷಾನ ಅಪ್ಪಾ,” ಎಂದೆ. ವರ್ಷಾ ನಮ್ಮ ಮಗಳು. “ಜರಾ ಗಡಿಯಾರ ನೋಡ್ರಿ. ಇನ್ನ ಹತ್ತ ಆಗಿಲ್ಲ.”

ಮದುವೆಯಾದ ಹನ್ನೊಂದು ವರ್ಷದಲ್ಲಿ ಕುಡಿಯಬೇಡ ಎಂದು ಸಾವಿರ ಸಲ ಹೇಳಿದ್ದೇನೆ, ಒಂದು ಸಲವೂ ಕೇಳಿಲ್ಲ. ಅವತ್ತು ಕೇಳಿದ. ಕೈ ಹಿಂದೆ ತೆಗೆದುಕೊಂಡು, ಗುಂಡಿಯ ದಂಡೆಗೆ ಚಕ್ಕಳಮಕ್ಕಳ ಹಾಕಿ ಕೂತ.

“ಹೌದ್ರಿ ಜಮಾದಾರ್ರ. ಹತ್ತರ ಒಳಗ ಗುನ್ಹೆ ಅಂತ ನೀವ ಹೇಳೀರಿ. ಹೊಡದು ಹೇಳೀರಿ. ಹತ್ತಾಗ್ಲಿ, ಆಮ್ಯಾಲ ನೋಡೂಣು.”

ಜಮಾದಾರ ಇನ್ನೆರಡು ಹಾಕಿದ. ಸಂಜು ವಾಲಿ ಬಿದ್ದು, ಎದ್ದು, ಮತ್ತೆ ಅದೇ ಜಾಗಕ್ಕೆ ಕೂತ. ನಾನು ಪಕ್ಕಕ್ಕೆ ಹೋಗಿ ಕೂತೆ. ನನಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಕೆಲಸ ಹೋದರೆ ಒಲೆ ಉರಿಯುವುದು ಹೇಗೆ ಎಂದು ಒಂದು ಕಡೆ, ಇಳಿದರೆ ಈ ಮನುಷ್ಯ ಮೇಲೆ ಬರುತ್ತಾನೋ ಇಲ್ಲವೋ ಎಂದು ಇನ್ನೊಂದು ಕಡೆ. ಆದರೂ ಕೂತೆ.

ಗಡಿಯಾರ ಮುಂದೆ ಹೋದಂತೆ ಜಮಾದಾರನ ಬಾಯಿ ಸುಧಾರಿಸುತ್ತ ಬಂತು. ಎಂಟೂವರೆಗೆ ಬೋಳಿಮಗ ಹೋಗಿ ಲೇ ಸಂಜ್ಯಾ ಬಂತು. ಒಂಬತ್ತಕ್ಕೆ ಸಂಜು ಎಂದು ಕರೆದು ಕಾಗದದ ಕಪ್ಪಿನಲ್ಲಿ ಚಹಾ ತರಿಸಿದ. ಒಂಬತ್ತೂವರೆಗೆ, ಕಾನೂನು ಹೊರಗಿನವರಿಗೆ, ಚೌಕಿಯ ಒಳಗೆ ನಾನು ಹೇಳಿದ್ದೇ ಟೈಮು, ಕುಡಿಯಪ್ಪಾ ಸಂಜಣ್ಣ ಎಂದ. ಸಂಜು ಚಹಾ ಕುಡಿದ. ಬಾಟಲಿ ಮುಟ್ಟಲಿಲ್ಲ.

ಹತ್ತಕ್ಕೆ ಬರಬೇಕಿದ್ದ ಸಾಹೇಬರು ಕಾಲು ಗಂಟೆ ಮೊದಲೇ ಬಂದರು. ಬೀದರಿನಿಂದ ಹಾದಿ ದೂರ. ಜೀಪಿನಿಂದ ಇಳಿದವರೇ ಕೇಸಿನ ಸುದ್ದಿ ಎತ್ತದೆ ಸಂಡಾಸ ಎಲ್ಲಿದೆ ಎಂದು ಕೇಳಿದರು. ಜಮಾದಾರ ಸಲಾಮು ಹೊಡೆದು ನಿಂತೇಬಿಟ್ಟ. ಸಾಹೇಬರು ನಾತ ಬಂದ ದಿಕ್ಕು ಹಿಡಿದು ಹಿಂದೆ ಬಂದರು. ಉಕ್ಕಿದ ಗುಂಡಿ, ಬರಿಮೈಯಲ್ಲಿ ಕೂತ ಸಂಜು, ನಾನು, ಬಾಟಲಿ, ಎಲ್ಲವನ್ನೂ ನೋಡಿ ಮೂಗಿಗೆ ಕರ್ಚೀಫು ಹಿಡಿದರು. ಇವನು ಯಾಕೆ ಇನ್ನೂ ಇಳಿದಿಲ್ಲ ಎಂದು ಗದರಿದರು.

“ಇನ್ನ ಹನ್ನೆರಡ ಮಿನಿಟ ಅದ್ರಿ ಸಾಹೇಬ್ರ,” ಎಂದ ಸಂಜು.

ಯಾತಕ್ಕೆ ಹನ್ನೆರಡು ಮಿನಿಟು ಎಂದು ಹೇಳುವ ಧೈರ್ಯ ಜಮಾದಾರನಿಗೆ ಬರಲಿಲ್ಲ. ನಾನೇ ಹೇಳಿದೆ. ಆರಕ್ಕೆ ಹಿಡಿದದ್ದು, ಎಂಟಕ್ಕೆ ಕುಡಿ ಎಂದದ್ದು, ಎಲ್ಲ. ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ಕೇಳಿದರು. ಅವರ ಹಣೆಯ ಮೇಲೆ ಬೆವರಿತ್ತು. ಕಾನೂನಿಗೆ ಬೆವರುವ ಮುಖ ಅದಲ್ಲ. ಆಮೇಲೆ ನಾಲ್ಕೂ ಜನ ಗಡಿಯಾರ ನೋಡುತ್ತ ನಿಂತೆವು.

ಹತ್ತಾಯಿತು. ಹೊರಗೆ ಶಾಪಿನ ಶಟರು ಎದ್ದ ಸದ್ದು ಕೇಳಿಸಿತು. ಜಮಾದಾರ ತಾನೇ ಬಗ್ಗಿ ಬಾಟಲಿ ಎತ್ತಿ, ಮುಚ್ಚಳ ತಿರುವಿ, ಬೀಗರಿಗೆ ಕೊಡುವಂತೆ ಎರಡೂ ಕೈಯಲ್ಲಿ ಸಂಜುವಿನ ಮುಂದೆ ಹಿಡಿದ. ನಾನು ನಡುವೆ ಹೋಗಿ ನಿಂತು ಸಾಹೇಬರನ್ನು ಕೇಳಿದೆ.

“ದಾರೂಕ ಹತ್ತ ಗಂಟೆ, ಬರೋಬರ್ ಅದ. ಮನಶ್ಯಾನ್ನ ಈ ಗುಂಡ್ಯಾಗ ಇಳಸೂದಕ್ಕ ಟೈಮ್ ಎಷ್ಟ್ರಿ? ಅದನ್ನೂ ಸರಕಾರ ಬರದಿರಬೇಕಲ್ಲರಿ.”

ಸಾಹೇಬರು ಓದಿದವರು, ಅವರಿಗೆ ಗೊತ್ತಿತ್ತು. ಜಮಾದಾರನ ಕಡೆ ಒಮ್ಮೆ ನೋಡಿದರು. ಹೊಟ್ಟೆ ಕಾಯುವಂತಿರಲಿಲ್ಲ. ಜೀಪಿನಿಂದ ನೀರಿನ ಬಾಟಲಿ ತೆಗೆದುಕೊಂಡು ಕಂಪೌಂಡಿನಾಚೆ ಜಾಲಿಕಂಟಿಯ ಕಡೆ ಬಿರಬಿರನೆ ನಡೆದರು.

ಸಂಜು ಎದ್ದು ಅಂಗಿ ಹಾಕಿಕೊಂಡ. ಕೇಸು ಬರೆಯುತ್ತೇನೆ, ನಿನ್ನನ್ನು ಬಿಡುವುದಿಲ್ಲ ಎಂದ ಜಮಾದಾರ, ಆದರೆ ದನಿ ಸಣ್ಣದಿತ್ತು, ಸಾಹೇಬರು ಕೇಳುವಷ್ಟು ಹತ್ತಿರದಲ್ಲೇ ಕೂತಿದ್ದರು.

“ಬರೀರಿ. ಟೈಮ್ ಹಾಕಿ ಬರೀರಿ,” ಎಂದು ಸಂಜು ಹೊರಟ.

ಹಾಗಾದರೆ ಚಪ್ಪಡಿಯನ್ನಾದರೂ ಮುಚ್ಚಿ ಹೋಗು ಎಂದ ಜಮಾದಾರ. ಸಂಜು ತಿರುಗಿ ಬಂದು ಕಲ್ಲಿನ ಒಂದು ತುದಿಗೆ ಕೈ ಹಚ್ಚಿದ. ಇಡೀ ಕಲ್ಲು ಒದ್ದೆಯಾಗಿತ್ತು, ಉಕ್ಕಿದ್ದು ಅದರ ಮೇಲೂ ಹರಿದಿತ್ತು. ನಾನು ಇನ್ನೊಂದು ತುದಿಗೆ ಹೋಗುವವಳಿದ್ದೆ. ಸಂಜು ಬೇಡವೆಂದು ತಲೆಯಾಡಿಸಿದ.

“ಒಬ್ಬನ ಕೈಲೆ ಆಗಂಗಿಲ್ರಿ ಜಮಾದಾರ್ರ. ಆ ಕಡಿ ನೀವ ಹಿಡೀರಿ.”

ಜಮಾದಾರ ತನ್ನ ಕೈ ನೋಡಿಕೊಂಡ, ಜಾಲಿಕಂಟಿಯ ಕಡೆ ನೋಡಿದ. ಸಂಜು ಬಗ್ಗಿಕೊಂಡೇ ಕಾಯುತ್ತ ನಿಂತ.