ಮೂರನೇ ಸಾಲಿನ ಕೊನೆ

ಕಪ್ಪು ಕುಚ್ಚು ಈ ಕಡೆ ವಾಲಿತು, ಈಗ ಆ ಕಡೆ, ಅಂದರೆ ವ್ಯಾನು ಇನ್ನೊಂದು ತಿರುವು ಹತ್ತುತ್ತಿದೆ, ಮುಂದಿನ ಸೀಟಿನ ಹೆಂಗಸಿನ ಕೆಂಪು ತಲೆವಸ್ತ್ರದ ತುದಿಯಲ್ಲಿ ಆ ಕುಚ್ಚು, ಹೆಬ್ಬೆರಳುದ್ದ, ಎಷ್ಟು ಒತ್ತಾಗಿ ಕಟ್ಟಿದ್ದಾರೆ, ಇಷ್ಟು ಕುಲುಕಾಟದಲ್ಲೂ ಒಂದೆಳೆ ಸಡಿಲವಾಗಿಲ್ಲ, ನನ್ನ ಶಾಲಿನದ್ದಾಗಿದ್ದರೆ ಇಷ್ಟು ಹೊತ್ತಿಗೆ ವ್ಯಾನಿನ ತುಂಬ ಉದುರಿರುತ್ತಿತ್ತು — ಕೆಳಗಿನ ಕಣಿವೆಯಲ್ಲಿ ಹತ್ತಿದವರೆಲ್ಲ ನೀಲಿ ಅಂಗಿಯವರು, ಅವರ ಮಾತು ನುಣುಪು, ಸೇತುವೆ ದಾಟಿದ ಮೇಲೆ ಹತ್ತಿದ ಈ ಕೆಂಪು ತಲೆವಸ್ತ್ರದವರ ಮಾತೆಲ್ಲ ಗಂಟಲಲ್ಲಿ, ನಡುವೆ ಹತ್ತಿ ಇಳಿದ ಉಣ್ಣೆ ಟೋಪಿಯ ಮುದುಕರದ್ದು ಇನ್ನೊಂದೇ, ಒಂದು ಗುಡ್ಡ ದಾಟಿದರೆ ಒಂದು ಭಾಷೆ, ಡ್ರೈವರ್‌ಗೆ ಎಲ್ಲವೂ ಬರುತ್ತದಂತೆ, ಎಲ್ಲದರಲ್ಲೂ ಬೈಯಲು ಬರುತ್ತದೆ ಎನ್ನುವುದಂತೂ ಬೆಳಗಿನಿಂದ ಕಿವಿಯಾರೆ ಕೇಳಿದ್ದೇನೆ, ನಮ್ಮ ಭಾಷೆಯನ್ನೂ ಮುರಿದು ಮುರಿದು ಆಡುತ್ತಾನೆ, ಆದರೂ ಅವನ ಬೆನ್ನು ನೋಡುತ್ತಿದ್ದರೆ ಧೈರ್ಯ, ಸ್ಟೀರಿಂಗನ್ನು ಹಿಟ್ಟು ನಾದುವ ಹಾಗೆ ತಿರುಗಿಸುತ್ತಾನೆ, ಅವಸರವೇ ಇಲ್ಲ. ಇವರು ಕಿಟಕಿಯ ಪಕ್ಕ, ಮೊಣಕೈಗೆ ಮೊಣಕೈ ತಾಗಿ ಬೆಚ್ಚಗಿದೆ, ಹೊಟ್ಟೆ ತುಂಬಿದೆ, ಬಿಸಿಲು ಮಂಡಿಯ ಮೇಲೆ ಬಿದ್ದು ಹೋಗಿ ಮತ್ತೆ ಬೀಳುತ್ತಿದೆ, ಇದಕ್ಕಿಂತ ಏನು ಬೇಕು — ರೀ, ಅಗೋ ನೋಡ್ರೀ, ಹದ್ದು, ಎಡಗಡೆ, ಬೇಗ — ಹ್ಞಾಂ, ನೋಡ್ದೆ ನೋಡ್ದೆ — ನೋಡಲಿಲ್ಲ. ನನಗೆ ಗೊತ್ತು. ಕನ್ನಡಕದಂಗಡಿಯಲ್ಲಿ ಕೂದಲು ನೆರೆಯುವವರೆಗೆ ಜನರ ಕಣ್ಣೆದುರು ಗಾಜು ಬದಲಾಯಿಸುತ್ತ ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳಿದವಳು ನಾನು, ಸುಳ್ಳಿನ ‘ಕಾಣುತ್ತೆ’ ಯಾವುದು, ನಿಜದ ‘ಕಾಣುತ್ತೆ’ ಯಾವುದು ಎಂದು ಬೆನ್ನು ತಿರುಗಿಸಿ ನಿಂತರೂ ಹೇಳುತ್ತೇನೆ, ಸುಳ್ಳಿನದು ಥಟ್ಟನೆ ಬರುತ್ತದೆ, ಜೋರಾಗಿ, ಪಾಪ ಇವಳಿಗೆ ಯಾಕೆ ತೊಂದರೆ, ಕುರ್ಚಿಯಿಂದ ಎದ್ದರೆ ಸಾಕು ಎನ್ನುವ ದನಿ, ನಿಜದ್ದು ತಡವಾಗಿ ಬರುತ್ತದೆ, ಮೊದಲು ಉಸಿರು ನಿಲ್ಲುತ್ತದೆ, ಆಮೇಲೆ ಸಣ್ಣಗೆ, ತನಗೆ ತಾನೇ ಹೇಳಿಕೊಂಡ ಹಾಗೆ, ಹ್ಞೂಂ, ಕಾಣುತ್ತೆ. ಇವರು ಬೆಳಗಿನಿಂದ ಹೇಳಿದ್ದೆಲ್ಲ ಥಟ್ಟನೆಯವೇ.

ಮೊದಮೊದಲು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡಾಗಲೆಲ್ಲ ಬಾಗಿಲನ್ನೇ ಬೈಯುತ್ತಿದ್ದರು, ಈ ಬಡಗಿ ಅಳತೆ ತಪ್ಪಿಸಿದ್ದಾನೆ ನೋಡು, ನಾನೂ ನಗುತ್ತಿದ್ದೆ, ಆಮೇಲೆ ಊಟಕ್ಕೆ ಕೂತಾಗ ತಟ್ಟೆಯ ಪಕ್ಕದ ನೀರಿನ ಲೋಟ ಎರಡೆರಡು ಸಲ ಉರುಳಿತು, ನಗು ನಿಂತಿತು, ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಬೆರಳನ್ನು ಬದಿಯಿಂದ ಮೆಲ್ಲಗೆ ತಂದೆ, ಕಂಡಾಗ ಹೇಳಿ, ಬೆರಳು ಕಿವಿ ದಾಟಿತು, ಕೆನ್ನೆ ದಾಟಿತು, ಮೂಗಿನ ಹತ್ತಿರ ಬರುವವರೆಗೂ ಇವರು ಸುಮ್ಮನೇ ಕೂತಿದ್ದರು, ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದರು. ಕಣ್ಣಿನ ಡಾಕ್ಟರು ಹೇಳಿದರು, ಬದಿಯಿಂದ ಮುಚ್ಕೊಂಡು ಬರುತ್ತಮ್ಮ, ನಡು ಮಾತ್ರ ಕೊನೆವರೆಗೂ ಉಳಿಯುತ್ತೆ, ಎಷ್ಟು ದಿನ ಅಂತ ಯಾರೂ ಹೇಳಕ್ಕಾಗಲ್ಲ. ಇವರು ಮನೆಗೆ ಬಂದು ಕೂತು ನಕ್ಕರು, ನಕ್ಕೇಬಿಟ್ಟರು, ಅಚ್ಚುಕೂಟದಲ್ಲಿ ಪ್ರೂಫ್ ನೋಡುವಾಗ ರಟ್ಟಿನಲ್ಲಿ ಒಂದು ಸೀಳು ಕೊರೆದು ಪುಟದ ಮೇಲಿಟ್ಟುಕೊಳ್ಳುತ್ತಿದ್ದರು, ಒಂದೇ ಸಾಲು ಕಾಣಲಿ, ಮೇಲಿನದೂ ಬೇಡ ಕೆಳಗಿನದೂ ಬೇಡ, ಆಗಲೇ ತಪ್ಪು ಸಿಗುವುದು ಎಂದು, ಆ ರಟ್ಟು ಬೆವರಿಗೆ ಮೆತ್ತಗಾಗಿ ಬಟ್ಟೆಯ ಹಾಗಾಗಿತ್ತು — ಇನ್ಮೇಲೆ ರಟ್ಟು ಬೇಕಿಲ್ಲ ಕಣೇ, ದೇವರೇ ಕಣ್ಣಿಗೆ ಕಟ್ಟಿಬಿಟ್ಟ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಆಮೇಲೆ ಕೇಳಿದೆ, ಏನು ನೋಡಬೇಕು ಹೇಳಿ, ಏನು ಬೇಕಾದರೂ, ಕರ್ಕೊಂಡು ಹೋಗ್ತೀನಿ, ಸಮುದ್ರ ಎನ್ನುತ್ತಾರೆ, ಇಲ್ಲ ಮೊಮ್ಮಗಳ ಮದುವೆ ಎನ್ನುತ್ತಾರೆ ಎಂದುಕೊಂಡಿದ್ದೆ, ಇವರು ಹೇಳಿದ್ದು ಒಂದು ಬೆಕ್ಕು, ಕಾಡುಬೆಕ್ಕು, ನಾಯಿಯಷ್ಟು ದೊಡ್ಡದು, ವಯಸ್ಸಿನಲ್ಲಿದ್ದಾಗ ಬೆಟ್ಟದ ಪ್ರಾಣಿಗಳ ಪುಸ್ತಕವೊಂದರ ಪ್ರೂಫ್ ನೋಡಿದ್ದರಂತೆ, ಅದರಲ್ಲಿ ಆ ಬೆಕ್ಕಿನ ಚಿತ್ರ ಮಸಿ ಚೆಲ್ಲಿದ ಹಾಗೆ ಅಚ್ಚಾಗಿತ್ತು, ಅಕ್ಷರವೆಲ್ಲ ನಾನು ತಿದ್ದಿದೆ, ಚಿತ್ರ ತಿದ್ದಕ್ಕಾಗಲಿಲ್ಲ, ಕಿವಿ ತುದೀಲಿ ಕಪ್ಪು ಕುಚ್ಚಿರುತ್ತೆ ಅಂತ ಬರೆದಿತ್ತು, ಅದು ಹೇಗಿರುತ್ತೆ ಅಂತ ನೋಡಬೇಕು. ಇಷ್ಟೇನಾ? ಇಷ್ಟೇ. ಹೊರಡುವ ಮುಂಚೆ ಅಕ್ಕ ಫೋನಿನಲ್ಲಿ ಬೈದಳು, ಕಣ್ಣು ಕಾಣದವರನ್ನ ಬೆಟ್ಟಕ್ಕೆ ಹತ್ತಿಸ್ತೀಯಲ್ಲೇ, ನಿನಗೇನು ತಲೆ ಕೆಟ್ಟಿದೆಯಾ, ಬೆಕ್ಕು ಬೇಕಾದ್ರೆ ನಮ್ಮನೇದು ತಗೊಂಡು ಹೋಗು, ಹಾಲಿಗೆ ದಂಡ — ಅಕ್ಕಾ, ನಾಳೆ ವಾಪಸ್ ಹೊರಡಬೇಕು, ಕಾಡೆಮ್ಮೆ ಕಂಡೆ, ಕೆಂಪು ನರಿ ಕಂಡೆ, ಬಂಡೆಯಿಂದ ಬಂಡೆಗೆ ಹಾರುವ ಮೇಕೆಗಳನ್ನು ಕಂಡೆ, ಎಲ್ಲ ನಾನೇ ಕಂಡೆ, ಇವರಿಗೆ ಒಂದೂ ಇಲ್ಲ, ಬೆಕ್ಕಂತೂ ಯಾರಿಗೂ ಇಲ್ಲ. ಡ್ರೈವರ್ ಹೇಳಿದ, ಅದಕ್ಕೆ ನೀಲಿ ಅಂಗಿಯವರು ಕೇಳಿಸಿಕೊಳ್ಳೋನು ಅಂತಾರೆ, ಟೋಪಿಯವರು ಸಂಜೆ ಅಜ್ಜಿ ಅಂತಾರೆ, ಕೆಂಪು ತಲೆವಸ್ತ್ರದ ಈ ಅಮ್ಮನ ಕಡೆಯೋರು ಹೆಸರೇ ಹೇಳಲ್ಲ, ಹೀಗೆ ಮಾಡ್ತಾರೆ, ಎಂದು ಕಿವಿಯ ತುದಿಗೆ ಬೆರಳಿಟ್ಟು ತೋರಿಸಿದ, ವ್ಯಾನು ಪ್ರಪಾತದ ಕಡೆ ವಾಲಿತು, ಅಯ್ಯೋ ಕೈ ತೆಗೀಬೇಡಪ್ಪಾ ಸ್ಟೀರಿಂಗಿಂದ.

ಬುಸ್ಸ್ ಎಂದಿತು ಇಂಜಿನ್, ನಿಂತೆವು, ನೀರು ಕುದಿದಿದೆ, ಇಳೀರಿ ಇಳೀರಿ ತಣ್ಣಗಾಗಬೇಕು, ಕೆಂಪು ತಲೆವಸ್ತ್ರದ ಹೆಂಗಸು ಗಂಟುಮೂಟೆ ಸಮೇತ ಇಳಿದಳು, ನಾನು ಇವರ ಕೈ ಹಿಡಿದು ಇಳಿಸಿದೆ, ಮೆಟ್ಟಿಲು, ಇನ್ನೊಂದು, ಹ್ಞಾಂ ನೆಲ — ಅಬ್ಬ, ಎಂಥ ನಿಶ್ಶಬ್ದ, ಗಾಳಿಯೇ ಇಲ್ಲ, ಹುಲ್ಲು ಅಲುಗುತ್ತಿಲ್ಲ, ಎದುರಿಗೆ ಕಂದರದಾಚೆ ಬೂದುಗಲ್ಲಿನ ಇಳಿಜಾರು, ಪದರ ಪದರ ಬಂಡೆ, ಇವರು ಒಂದು ಕಲ್ಲಿನ ಮೇಲೆ ಕೂತರು, ಮಂಡಿಯ ಮೇಲೆ ಕೈಯಿಟ್ಟು, ಥೇಟ್ ಅಚ್ಚುಕೂಟದ ಮೇಜಿನ ಮುಂದೆ ಕೂತ ಹಾಗೆ, ಮುಖ ಎಡದಿಂದ ಬಲಕ್ಕೆ ಮೆಲ್ಲಗೆ ಹೋಗುತ್ತಿದೆ, ತುದಿ ಮುಟ್ಟಿತು, ಮತ್ತೆ ಎಡಕ್ಕೆ ಬಂತು, ಒಂದು ಕೂದಲೆಳೆಯಷ್ಟು ಕೆಳಗೆ — ಓದುತ್ತಿದ್ದಾರೆ. ಬೆಟ್ಟ ಓದುತ್ತಿದ್ದಾರೆ. ಆಗ ಹೊಳೆಯಿತು ನನಗೆ, ನನ್ನಂಥ ದಡ್ಡಿ ಯಾರಿದ್ದಾರೆ, ಕಣ್ಣಿನ ವಿಷಯ ಅರೆದು ಕುಡಿದವಳು, ಜಗಳವಾಡಿ ಕಿಟಕಿ ಸೀಟು ಹಿಡಿದುಕೊಟ್ಟೆನಲ್ಲ, ಓಡುವ ಕಿಟಕಿಯಲ್ಲಿ ಇವರಿಗೇನು ಕಂಡೀತು, ಯಾರೋ ಪುಟವನ್ನು ಸರಸರ ಎಳೆದುಕೊಂಡು ಹೋದ ಹಾಗೆ, ಮೇಲಿಂದ ಎಡಗಡೆ ಬೇಗ ಬೇಗ ಎಂದು ನನ್ನ ಗದ್ದಲ ಬೇರೆ, ಇವರಿಗೆ ಬೇಕಾದದ್ದು ನಿಂತ ಪುಟ. ಅದೊಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟೆ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ, ಡ್ರೈವರ್ ನೀರು ಸುರಿಯುತ್ತಿದ್ದಾನೆ, ಎಲ್ಲೋ ಒಂದು ಹಕ್ಕಿ ಕಲ್ಲಿಗೆ ಕಲ್ಲು ತಾಗಿದ ಹಾಗೆ ಕೂಗುತ್ತಿದೆ, ಇಂಜಿನ್ ಬೇಗ ತಣ್ಣಗಾಗದಿರಲಿ, ದೇವರೇ, ಅದು ಕುದಿಯುತ್ತಲೇ ಇರಲಿ. ಇವರ ಮುಖ ನಿಂತಿತು. ಉಸಿರು ನಿಂತಿತು. ನಾನು ಬೆಟ್ಟ ನೋಡಲಿಲ್ಲ, ಇವರ ಗಂಟಲನ್ನೇ ನೋಡಿದೆ, ತಡವಾಯಿತು, ಇನ್ನೂ ತಡವಾಯಿತು, ಆಮೇಲೆ ಸಣ್ಣಗೆ, ಲೇ, ಅಲ್ಲೊಂದು ತಪ್ಪಿದೆ. ಎಲ್ಲಿ? ಮೂರನೇ ಸಾಲು, ಕೊನೇಲಿ, ಕಲ್ಲಿನ ಮಧ್ಯೆ ಕಲ್ಲಲ್ಲದ್ದು. ನಾನು ನೋಡಿದೆ, ಬಂಡೆ, ಬಂಡೆ, ಬಂಡೆ, ಬರೀ ಬೂದಿ ಬಣ್ಣ, ಪಕ್ಕದಲ್ಲಿ ನಿಂತಿದ್ದ ಹೆಂಗಸು ಇವರ ಬೆರಳಿನ ನೇರಕ್ಕೆ ಕಣ್ಣು ಕಿರಿದು ಮಾಡಿದಳು, ಸ್ವಲ್ಪ ಹೊತ್ತು, ಆಮೇಲೆ ಗಂಟು ಕೆಳಗಿಟ್ಟು ತನ್ನ ಕಿವಿಯ ತುದಿಗೆ ಬೆರಳು ಮುಟ್ಟಿಸಿಕೊಂಡಳು. ಕಂಡರು, ಇವರು ಕಂಡರು, ಮಸಿ ಚೆಲ್ಲಿದ ಚಿತ್ರ ಇವತ್ತು ತಿದ್ದಿದ ಹಾಗಾಯಿತು, ಎಷ್ಟು ಸಂತೋಷವಾಯಿತೆಂದರೆ ಎದ್ದು ಡ್ರೈವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು — ಕಾಣುತ್ತಾ? ಇವರು ಕೇಳಿದರು. ನನ್ನ ಪ್ರಶ್ನೆ, ನನ್ನದೇ ದನಿಯಲ್ಲಿ. ಹ್ಞಾಂ, ಕಾಣುತ್ತೆ ಕಾಣುತ್ತೆ, ಎಂದೆ. ಸುಳ್ಳು, ಎಂದರು ತಿರುಗದೇ, ಥಟ್ ಅಂತ ಹೇಳ್ದೆ, ನಿನ್ನ ಅಂಗಡೀಲಿ ಕೂತು ನಾನೂ ಕೇಳಿಸ್ಕೊಂಡಿದೀನಿ, ಬಾ ಇಲ್ಲಿ, ಅಗಲಕ್ಕೆ ನೋಡಬೇಡ, ಎಂದು ಕೈ ಮುಷ್ಟಿ ಮಾಡಿ ಕೊಳವೆಯ ಹಾಗೆ ನನ್ನ ಕಣ್ಣಿಗೆ ಹಿಡಿದರು, ಇವರ ಅಂಗೈ ಬೆಚ್ಚಗೆ ಕೆನ್ನೆಗೆ ತಾಗಿತು, ಲೋಕವೆಲ್ಲ ಹೋಗಿ ಒಂದು ಕಾಸಿನಗಲ ಉಳಿಯಿತು, ಓ, ಇಷ್ಟೇನಾ ಇವರಿಗೆ, ಇಷ್ಟರಲ್ಲೇನಾ ದಿನವೂ ನನ್ನ ಮುಖ ಹುಡುಕಿಕೊಳ್ಳುವುದು — ಎಡದಿಂದ ಶುರು ಮಾಡು, ನಿಧಾನ, ಒಂದೊಂದೇ ಕಲ್ಲು, ಓಡಬೇಡ, ಇವರ ಕೈಯೇ ನನ್ನ ಕಣ್ಣನ್ನು ನಡೆಸುತ್ತಿದೆ, ಕಲ್ಲು, ಬಿರುಕು, ಕಲ್ಲು, ಒಣಹುಲ್ಲು, ಕಲ್ಲು, ಹುಲ್ಲು ಅಲುಗುತ್ತಿಲ್ಲ, ಎಲೆ ಅಲುಗುತ್ತಿಲ್ಲ, ಗಾಳಿಯೇ ಇಲ್ಲ, ಸಾಲಿನ ಕೊನೆ, ಬೂದಿ ಬಣ್ಣದ ಅಂಚಿನಲ್ಲಿ ಒಂದು ಕಪ್ಪು ಎಳೆ, ಹೆಬ್ಬೆರಳುದ್ದ, ಒತ್ತಾಗಿ ಕಟ್ಟಿದ ಹಾಗೆ, ಗಾಳಿಯೇ ಇಲ್ಲ, ಆದರೂ ಅದು — ಹ್ಞೂಂ — ಈ ಕಡೆ ವಾಲಿತು, ಈಗ ಆ ಕಡೆ.