ಹತ್ತಿರ ಇದ್ದವರು

"ಕೊನೆಗಳಿಗೆಯಲ್ಲಿ ಅವನು ಏನಂದ, ಪಿ ಜೋದಿನಿ?" ನಿರೂಪಕಿ ದನಿ ತಗ್ಗಿಸಿ ಕೇಳಿದಳು. ಹಿರಿಯ ಹೆಂಗಸರಿಗೆ ನಮ್ಮಲ್ಲಿ ಗೌರವದಿಂದ ಪಿ ಎನ್ನುತ್ತಾರೆ, ಗಂಡಸರಿಗೆ ಪು.

ಸ್ಟುಡಿಯೋದ ದೀಪಗಳ ಕೆಳಗೆ ಜೋದಿನಿ ತಲೆ ತಗ್ಗಿಸಿ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿದಳು. ಆಮೇಲೆ ತಲೆಯೆತ್ತಿ ಹೇಳಿದಳು. ಮಗ ರೆಮಾ ಅವಳ ಕೈ ಹಿಡಿದುಕೊಂಡಿದ್ದ. ಕಿಟಕಿಯಿಂದ ಬಿಸಿಲು ಅವನ ಹೊದಿಕೆಯ ಮೇಲೆ ಬಿದ್ದಿತ್ತು. ಅಮ್ಮಾ, ಒಂದು ಹಾಡು ಹೇಳು ಅಂದ. ಅವಳು ಮೆಲ್ಲಗೆ ಗುನುಗಿದಳು. ಹಾಡು ಮುಗಿಯುವ ಮೊದಲೇ ಅವನ ಕೈ ಸಡಿಲವಾಯಿತು. ಆವತ್ತು ಗುನುಗಿದ್ದೇ ಈ ಹೊಸ ಆಲ್ಬಮ್ಮಿನ ಮೊದಲ ಹಾಡು.

ನಿರೂಪಕಿ ಕಣ್ಣೊರೆಸಿಕೊಂಡಳು. ಕ್ಯಾಮೆರಾ ಹಿಂದೆ ನಿಂತಿದ್ದವನೂ ಮೂಗೆಳೆದುಕೊಂಡ. ಜೋದಿನಿಯ ಕಣ್ಣು ಮಾತ್ರ ಒಣಗಿತ್ತು. ಇದು ಏಳನೆಯ ಸಂದರ್ಶನ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂಬುದೆಲ್ಲ ಈಗ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಹಾಗೆ ಬರುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಏಕೆಂದರೆ ಅದರಲ್ಲಿ ಒಂದು ಮಾತೂ ನಿಜವಲ್ಲ. ಮೂರು ವಾರದ ಹಿಂದೆ, ಮೊದಲ ಸಂದರ್ಶನದಲ್ಲಿ, ರೇಡಿಯೋದವನು "ನೀವು ಹತ್ತಿರಾನೇ ಇದ್ರಲ್ವಾ?" ಎಂದು ಸುಮ್ಮನೆ ಮಾತಿಗೆ ಮಾತು ಸೇರಿಸಿದ್ದ. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಇದ್ದೆ ಎಂದುಬಿಟ್ಟಳು. ಇದ್ದ ಮೇಲೆ ಕೈ ಹಿಡಿಯದೆ ಇರುತ್ತಾಳೆಯೇ? ಕೈ ಹಿಡಿದ ಮೇಲೆ ಮಾತಾಡದೆ? ಎರಡನೆಯ ಸಂದರ್ಶನಕ್ಕೆ ಹಾಡು ಸೇರಿತು, ಮೂರನೆಯದಕ್ಕೆ ಕಿಟಕಿ. ಹನ್ನೊಂದು ವರ್ಷಗಳ ಮೇಲೆ ಬರುತ್ತಿರುವ ಆಲ್ಬಮ್. ಒಂದು ಕಾಲಕ್ಕೆ ಐಜ್ವಾಲಿನ ಅಷ್ಟೂ ಹುಡುಗಿಯರು ಅವಳ ಹಾಗೆ ಕೂದಲು ಕತ್ತರಿಸಿಕೊಂಡಿದ್ದರು. ಈಗ ಆ ಹುಡುಗಿಯರ ಮಕ್ಕಳಿಗೆ ಅವಳ ಹೆಸರೇ ಗೊತ್ತಿಲ್ಲ. ಆಲ್ಬಮ್ ಮಾಡುವುದು ಅರ್ಧ ಕೆಲಸ, ಉಳಿದರ್ಧ ಮಾತಾಡುವುದು ಎಂದು ಛುವಾಂಗಾ ಹೇಳುತ್ತಿದ್ದ. ಅವಳ ಬ್ಯಾಂಡಿನಲ್ಲಿ ಮೊದಲಿನಿಂದ ಗಿಟಾರ್ ಬಾರಿಸಿದವನು ಅವನು. ಪ್ರಚಾರದ ಓಡಾಟವೆಲ್ಲ ಅವನದೇ.

ನಿಜ ಏನೆಂಬುದು ಛುವಾಂಗಾನಿಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷದ ಹಿಂದೆ ಆ ಮಧ್ಯಾಹ್ನ ಅವನೂ ಅವಳೂ ಹಾಡಲೆಂದು ದೂರದ ಚಂಫಾಯ್‌ನಲ್ಲಿದ್ದರು. ವೇದಿಕೆ ಹತ್ತುವ ಮೊದಲು ಜೋದಿನಿ ಫೋನ್ ನೋಡಿದ್ದಳು. ಪಕ್ಕದ ಮನೆಯ ಟ್ಯಾಕ್ಸಿ ಬಿಯಾಕಾನಿಂದ ಹದಿನೇಳು ಕರೆ. ಮಗನನ್ನು ಮತ್ತೆ ಯಾವ ಠಾಣೆಯಲ್ಲಿ ಕೂರಿಸಿದ್ದಾರೋ, ಹಾಡಿ ಮುಗಿಸಿಯೇ ಕೇಳೋಣ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿದಳು. ಒಂಬತ್ತು ಹಾಡು ಹಾಡಿದಳು. ರೆಮಾನ ತೋಳಿನಲ್ಲಿ ಸೂಜಿಯ ಗುರುತು ಕಂಡು ಆಗಲೇ ಎರಡು ವರ್ಷವಾಗಿತ್ತು. ಅಂಥ ಕರೆಗಳು ಅವಳಿಗೆ ಹೊಸವಲ್ಲ.

ಅವಳು ಬಂದು ತಲುಪುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಕೇರಿಯ ಧ್ವನಿವರ್ಧಕದಲ್ಲಿ ರೆಮಾನ ಹೆಸರು ಕೂಗಿದ್ದರು. ಮೈ ತೊಳೆದು, ಬಟ್ಟೆ ಹಾಕಿ, ಮೇಲೆ ಶಾಲುಗಳನ್ನು ಹೊದಿಸಿದ್ದರು. ಅಂಗಳಕ್ಕೆ ಬೆಂಚು ಬಂದಿತ್ತು, ಹುಡುಗರು ಗುಂಡಿ ತೋಡಲು ಹೋಗಿದ್ದರು. ನಮ್ಮಲ್ಲಿ ಸಾವಿನ ಮನೆಯವರು ಕೂರುವುದೊಂದೇ. ಮಿಕ್ಕಿದ್ದೆಲ್ಲ ಕೇರಿಯವರ ಪಾಲು, ದುಃಖದ ಹಾಡು ಹೇಳುವುದೂ ಸೇರಿ. ಮೂರು ರಾತ್ರಿ ಅವರು ಬಂದು ಹಾಡಿದರು. ನೀನೆಲ್ಲಿದ್ದೆ ಎಂದು ಒಬ್ಬರೂ ಕೇಳಲಿಲ್ಲ.

ರೆಮಾ ಸತ್ತದ್ದು ಮನೆಯಲ್ಲಲ್ಲ, ಕೆಳಗಿನ ತಿರುವಿನಲ್ಲಿ ಪಿ ಸಿಯಾಮಿಯ ಚಹಾ ಅಂಗಡಿಯಲ್ಲಿ. ಹತ್ತಿರ ಇದ್ದವಳು ಆ ಮುದುಕಿ ಒಬ್ಬಳೇ. ಇದು ಇಡೀ ಕೇರಿಗೆ ಗೊತ್ತು. ಜೋದಿನಿ ಟೀವಿಯಲ್ಲಿ ಕಿಟಕಿಯ ಮಾತು ಹೇಳಿದ ಮೇಲೂ ಕೇರಿ ತುಟಿಪಿಟಕ್ಕೆನ್ನಲಿಲ್ಲ. ಎದುರು ಸಿಕ್ಕವರು ಹಾಡು ಚೆನ್ನಾಗಿದೆ ಎಂದರು. ಅವರು ಒಪ್ಪಿದ್ದಾರೆ ಎಂದೇ ಜೋದಿನಿ ಅಂದುಕೊಂಡಳು; ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಿತ್ತು.

ಗುರುವಾರ ಟೀವಿಯವರು ಮನೆಗೇ ಬಂದರು. ಆ ಕೋಣೆಯನ್ನು ತೋರಿಸಬೇಕು ಎಂದರು. ಜೋದಿನಿ ಇದನ್ನು ಎಣಿಸಿರಲಿಲ್ಲ. ರೆಮಾನ ಕೋಣೆಗೆ ಕಿಟಕಿಯೇ ಇರಲಿಲ್ಲ. ಈಗ ಅದರ ತುಂಬ ಆಲ್ಬಮ್ಮಿನ ಪೋಸ್ಟರುಗಳ ಕಟ್ಟು. ಅವಳು ತನ್ನ ಕೋಣೆಗೇ ಕರೆದುಕೊಂಡು ಹೋದಳು. ಮಂಚಕ್ಕೆ ಒಗೆದ ಹೊದಿಕೆ ಹಾಸಿ, ದಿಂಬು ಸರಿಮಾಡಿ, ಅಂಚಿನಲ್ಲಿ ಕೂತಳು. ಹೊರಗೆ ಮೋಡ ಕವಿದಿತ್ತು. ಕ್ಯಾಮೆರಾದವನ ಜೊತೆಗಾರ ಮನೆಯ ಹಿಂದಿನ ಜಾರುವ ಮಣ್ಣಿನಲ್ಲಿ ಹೇಗೋ ಕಾಲೂರಿ ನಿಂತು, ಕಿಟಕಿಯಿಂದ ದೀಪ ಹಿಡಿದು, ದಿಂಬಿನ ಮೇಲೆ ಬಿಸಿಲು ಬೀಳಿಸಿದ. ಸ್ವಲ್ಪ ಎಡಕ್ಕೆ, ಇನ್ನು ಸ್ವಲ್ಪ ಎಡಕ್ಕೆ ಎಂದು ಛುವಾಂಗಾ ಸನ್ನೆ ಮಾಡುತ್ತಿದ್ದ.

ಅಷ್ಟರಲ್ಲಿ ಪಿ ಸಿಯಾಮಿ ಕೆಟಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮನೆಗೆ ಜನ ಬಂದಿದ್ದಾರೆ ಎಂದರೆ ಅವಳು ಕರೆಯುವವರೆಗೆ ಕಾಯುವವಳಲ್ಲ. ಲೋಟಕ್ಕೆ ಚಹಾ ಬಗ್ಗಿಸಿ, ಒಬ್ಬೊಬ್ಬರ ಅಂಗೈಗೂ ಒಂದೊಂದು ಬೆಲ್ಲದ ಚೂರು ಇಟ್ಟಳು. ಟೀವಿಯ ಹುಡುಗಿ ಚುರುಕು; ಚಹಾ ಕುಡಿಯುತ್ತಲೇ ಮೈಕನ್ನು ಮುದುಕಿಯ ಕಡೆ ತಿರುಗಿಸಿದಳು.

"ಅಜ್ಜಿ, ನೀವು ಇಲ್ಲಿಯವರೇ ಅಲ್ವಾ? ಆವತ್ತು ನೀವೂ ಇದ್ರಾ?"

ಪಿ ಸಿಯಾಮಿ ಕೆಟಲನ್ನು ನೆಲಕ್ಕಿಟ್ಟಳು, ಕೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡಳು.

"ಇಲ್ಲಮ್ಮ. ನಾನು ಅಂಗಡೀಲಿದ್ದೆ. ನಂಗೇನೂ ಗೊತ್ತಾಗ್ಲಿಲ್ಲ. ತಾಯಿ ಹತ್ರ ಇದ್ಳಲ್ಲ, ನಂಗೇನು ಕೆಲಸ ಅಲ್ಲಿ."

ಇಷ್ಟು ಹೇಳಿ ಖಾಲಿ ಲೋಟಗಳನ್ನು ಆರಿಸಿಕೊಂಡು ಹೊರಟುಹೋದಳು. ಜೋದಿನಿಯ ಕಡೆ ನೋಡಲಿಲ್ಲ. ಮುದುಕಿ ಕಾಪಾಡಿದಳು ಎಂದು ಛುವಾಂಗಾ ಆಮೇಲೆ ನಕ್ಕ. ಜೋದಿನಿಗೆ ನಗು ಬರಲಿಲ್ಲ. ಇದನ್ನು ಇಲ್ಲಿಗೇ ನಿಲ್ಲಿಸೋಣ ಎಂದಳು. ಅವನು ಸಮಾಧಾನ ಹೇಳಿದ.

"ನಾವೇನು ಯಾರ ಮನೆ ಮುರೀತಿದೀವಾ ಜೋದಿನಿ? ನಿನ್ನ ಮಾತು ಕೇಳಿ ಎಷ್ಟು ತಾಯಂದಿರು ಫೋನ್ ಮಾಡಿ ಅಳ್ತಾರೆ ಗೊತ್ತಾ? ಶನಿವಾರದ ಬಿಡುಗಡೆ ಒಂದು ಕಳೀಲಿ. ಆಮೇಲೆ ಯಾರೂ ಕೇಳಲ್ಲ."

ಅವನು ಕೆಟ್ಟವನಲ್ಲ. ಆ ದಿನ ಚಂಫಾಯ್‌ನಿಂದ ಇಡೀ ದಾರಿ ಗಾಡಿ ಓಡಿಸಿದವನು ಅವನೇ. ಜೊತೆಗೆ ಅತ್ತವನೂ ಅವನೇ. ಆದರೆ ಮುದುಕಿಯ ಆ ನಾಲ್ಕು ಮಾತನ್ನು ಜೋದಿನಿ ರಾತ್ರಿಯೆಲ್ಲ ಮನಸ್ಸಿನಲ್ಲಿ ತಿರುವಿಹಾಕಿದಳು. ತಾನು ಇಲ್ಲದಿದ್ದಲ್ಲಿ ಇದ್ದೆ ಎಂದಳು. ಇದ್ದವಳು ಇಲ್ಲ ಎಂದಳು. ಹಾಗಾದರೆ ಈಗ ರೆಮಾನ ಹತ್ತಿರ ಯಾರೂ ಇರಲಿಲ್ಲ ಎಂದಾಯಿತು.

ಶುಕ್ರವಾರ ಬೆಳಿಗ್ಗೆ ಅಂಗಡಿ ಖಾಲಿಯಿತ್ತು. ಪಿ ಸಿಯಾಮಿ ಅಂಟಕ್ಕಿಯ ರೊಟ್ಟಿಯನ್ನು ಎಲೆಯಲ್ಲಿ ಸುತ್ತುತ್ತಿದ್ದಳು. ನಾಲ್ಕು ವರ್ಷ ಜೋದಿನಿ ಇದೇ ಬೆಂಚಿನಲ್ಲಿ ಕೂತು ಚಹಾ ಕುಡಿದಿದ್ದಾಳೆ. ಕೇಳಬೇಕಾದ ಒಂದನ್ನು ಬಿಟ್ಟು ಊರಿನದೆಲ್ಲ ಮಾತಾಡಿದ್ದಾಳೆ. ಇವತ್ತು ಲೋಟ ಮುಟ್ಟಲಿಲ್ಲ. ಹೇಗಾಯಿತು ಹೇಳಿ ಎಂದಳು. ಮುದುಕಿ ಮೊದಲು ಕೇಳಿಸದವಳ ಹಾಗೆ ಎರಡು ರೊಟ್ಟಿ ಸುತ್ತಿದಳು.

"ಟೀವೀಲಿ ನೀನು ಹೇಳೋದೇ ಚೆನ್ನಾಗಿದೆ ಕಣೆ. ಹಾಗೇ ಇರ್ಲಿ. ನಂಗೂ ಅದು ಕೇಳಿದ್ರೆ, ಹಾಗೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅನ್ಸುತ್ತೆ."

"ನಿಜ ಹೇಳಿ, ಪಿ ಸಿಯಾಮಿ."

ಮುದುಕಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. ರೆಮಾ ಮೇಲಿನ ಮೆಟ್ಟಿಲಿನಿಂದ ಇಳಿದು ಬಂದ, ಬೆಂಚಿನ ಮೇಲೆ ಹಾಗೇ ಮಲಗಿಬಿಟ್ಟ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಬಿಯಾಕಾನನ್ನು ಕೂಗಿದಳು. ಅವನು ಗಾಡಿ ತರಲು ಮೇಲೆ ಓಡಿದ, ಓಡುತ್ತಲೇ ಜೋದಿನಿಗೆ ಫೋನ್ ಮಾಡುತ್ತಿದ್ದ. ಗಾಡಿಗೆ ಅಡ್ಡವಾಗಿ ಯಾರದೋ ಲಾರಿ ನಿಂತಿತ್ತು, ತಡವಾಯಿತು. ಇಷ್ಟನ್ನು ಪಿ ಸಿಯಾಮಿ ಬೇರೆ ಯಾರದೋ ಮನೆಯ ಸುದ್ದಿಯೆಂಬಂತೆ ಹೇಳಿದಳು. ಆಮೇಲೆ ದನಿ ಇಳಿಯಿತು.

"ಶೂ ಬಿಚ್ಚಿ ಅಂದ. ಕಾಲು ಉರಿ, ಶೂ ಬಿಚ್ಚಿ ಅಜ್ಜಿ, ಅಷ್ಟೇ ಅಂದಿದ್ದು. ಲೇಸು ಗಂಟು ಬಿದ್ದಿತ್ತು ಕಣೆ. ಉಗುರು ಹಾಕ್ದೆ, ಹಲ್ಲು ಹಾಕ್ದೆ. ಒಂದು ಬಿಚ್ಚಿದೆ. ಇನ್ನೊಂದು ಬಿಚ್ತಾ ಕೂತಿದ್ದೆ, ತಲೆ ಎತ್ತಿ ನೋಡಿದ್ರೆ ಮುಗಿದಿತ್ತು. ಚಾಕು ಅಲ್ಲೇ ಇತ್ತು. ಕತ್ತರಿಸಿ ಎಸೀಬಹುದಿತ್ತು. ಹೊಸ ಶೂ, ಅವರಮ್ಮ ಕೊಡಿಸಿದ್ದು, ಹಾಳು ಯಾಕೆ ಮಾಡ್ಲಿ ಅಂತ ಮನಸ್ಸು ಬರ್ಲಿಲ್ಲ ನೋಡು."

ಅವಳು ಅಳಲಿಲ್ಲ. ತನ್ನ ಎರಡು ಕೈಗಳನ್ನು ತಿರುಗಿಸಿ ನೋಡಿಕೊಂಡಳು. ನಾಲ್ಕು ವರ್ಷದಿಂದ ಈ ಮುದುಕಿ ತಪ್ಪು ತನ್ನದು ಎಂದುಕೊಂಡೇ ಬೆಳಗಾದರೆ ತನಗೆ ಚಹಾ ಕೊಟ್ಟಿದ್ದಾಳೆ ಎಂದು ಜೋದಿನಿಗೆ ಹೊಳೆಯಿತು. ಏನಾದರೂ ಹೇಳಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ನನ್ನ ಕೇಳಿದ್ನಾ?"

ಕ್ಯಾಮೆರಾದ ಮುಂದೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ಪಿ ಸಿಯಾಮಿ ಈಗ ತಡವರಿಸಿದಳು. ಬೀದಿಯ ಕಡೆ ನೋಡಿದಳು.

"ಇಲ್ಲ ಕಣೆ," ಎಂದಳು.

ಶನಿವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಹಿಂದಿನ ಸಾಲುಗಳಲ್ಲಿ ಫೋನ್ ಎತ್ತಿ ಹಿಡಿದ ಹುಡುಗಿಯರು. ನಡುವೆ, ಕೈಯಲ್ಲಿ ಕರವಸ್ತ್ರ ಸಿದ್ಧ ಮಾಡಿಕೊಂಡು ಕೂತಿದ್ದ ತಾಯಂದಿರು. ಮೂರನೆಯ ಸಾಲಿನಲ್ಲಿ ಕೇರಿಯವರು. ಬಿಯಾಕಾ ಟ್ಯಾಕ್ಸಿ ಬಿಟ್ಟು, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ. ಅವನ ಪಕ್ಕದಲ್ಲಿ ಪಿ ಸಿಯಾಮಿ ಒಳ್ಳೆಯ ಶಾಲು ಹೊದ್ದು ಕೂತಿದ್ದಳು.

ಈಗ ಹಾಡು ಬರುವುದು ಫೋನಿಗೆ. ಆದರೂ ಬಿಚ್ಚಲು ಒಂದು ಪೊಟ್ಟಣವಿಲ್ಲದಿದ್ದರೆ ಅದನ್ನು ಬಿಡುಗಡೆ ಎಂದು ನಮ್ಮೂರಲ್ಲಿ ಯಾರೂ ಒಪ್ಪುವುದಿಲ್ಲ. ಅದಕ್ಕೆಂದೇ ಛುವಾಂಗಾ ಇಪ್ಪತ್ತು ಸಿಡಿ ಮಾಡಿಸಿದ್ದ. ಅವನ ಹೆಂಡತಿ ಬಣ್ಣದ ಕಾಗದ ಸುತ್ತಿ, ಕೆಂಪು ರಿಬ್ಬನ್ ಕಟ್ಟಿದ್ದಳು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ಮುಖ್ಯ ಅತಿಥಿ ಪು ದೆಂಗಾ, ನಿವೃತ್ತ ಹೆಡ್‌ಮಾಸ್ಟರು, ತಾಯಿಯ ಪ್ರೀತಿಯ ಬಗ್ಗೆ ಮಾತಾಡಿದರು. ಮಗನ ಕೈಯನ್ನು ಕೊನೆಯವರೆಗೂ ಬಿಡದ ತಾಯಿ ಎಂದರು. ಕರವಸ್ತ್ರಗಳು ಮೇಲೆದ್ದವು. ಆಮೇಲೆ ಪೊಟ್ಟಣ ಎತ್ತಿಕೊಂಡರು.

ಹಿಂದೆ ಬ್ಯಾಂಡು ಮೊದಲ ಹಾಡನ್ನು ಮೆಲ್ಲಗೆ ಶುರುಮಾಡಿತು. ರಿಬ್ಬನ್ ಜಾರುತ್ತಿದ್ದಂತೆ ಜೋದಿನಿ ದನಿ ಎತ್ತಬೇಕೆಂದು ಗೊತ್ತಾಗಿತ್ತು. ರಿಬ್ಬನ್ ಜಾರಲಿಲ್ಲ. ಎಳೆದಷ್ಟೂ ಗಂಟು ಬಿಗಿಯಾಯಿತು. ಪು ದೆಂಗಾ ಉಗುರು ಹಾಕಿದರು. ಎಂಬತ್ತರ ಕೈ, ನಡುಗುತ್ತಿತ್ತು. ಜನ ಮೆಲ್ಲಗೆ ನಕ್ಕರು. ಛುವಾಂಗಾ ಬಾರಿಸಿದ್ದನ್ನೇ ಮತ್ತೆ ಬಾರಿಸಿದ. ಯಾರೋ ಕತ್ತರಿ ತಂದುಕೊಟ್ಟರು. ಹೆಡ್‌ಮಾಸ್ಟರು ಬೇಡವೆಂದು ತಲೆಯಾಡಿಸಿದರು. ಒಳ್ಳೆಯ ರಿಬ್ಬನ್, ಹಾಳು ಯಾಕೆ, ಬಿಚ್ಚುತ್ತೇನೆ ಎಂದರು.

ಜೋದಿನಿ ಆ ಬೆರಳುಗಳನ್ನು ನೋಡುತ್ತ ನಿಂತಳು. ಆಮೇಲೆ ಮೂರನೆಯ ಸಾಲನ್ನು ನೋಡಿದಳು. ಪಿ ಸಿಯಾಮಿಯೂ ಅದನ್ನೇ ನೋಡುತ್ತಿದ್ದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು.

"ನನ್ನ ಮಗ ಸತ್ತಾಗ ನಾನು ಚಂಫಾಯ್‌ನಲ್ಲಿದ್ದೆ," ಎಂದಳು ಜೋದಿನಿ ಮೈಕಿನಲ್ಲಿ. "ಫೋನ್ ಬಂದಿತ್ತು, ಎತ್ತಲಿಲ್ಲ. ನೋಡಿಯೂ ಹಾಡೋಕೆ ಹೋದೆ. ಅವನ ಹತ್ರ ಇದ್ದವರು ಪಿ ಸಿಯಾಮಿ. ಅವನು ಹಾಡು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಶೂ ಬಿಚ್ಚಿ ಅಂದ. ಅವರು ಬಿಚ್ಚಿದರು."

ಗಿಟಾರ್ ನಿಂತಿತು. ಎತ್ತಿದ್ದ ಫೋನುಗಳು ಒಂದೊಂದಾಗಿ ಇಳಿದವು. ನಡುವಿನ ಸಾಲಿನಲ್ಲಿ ಒಬ್ಬ ತಾಯಿ ಎದ್ದು ಹೊರಗೆ ಹೋದಳು, ಅವಳ ಹಿಂದೆ ಇನ್ನೊಬ್ಬಳು. ಛುವಾಂಗಾ ತಂತಿಗಳ ಮೇಲೆ ಅಂಗೈ ಒತ್ತಿ ನೆಲ ನೋಡುತ್ತಿದ್ದ. ಜೋದಿನಿ ಮೈಕು ಬಿಟ್ಟು ಸರಿದಳು. ವೇದಿಕೆಯ ಮೆಟ್ಟಿಲಿನ ಮೇಲೆ ಕೂತಳು.

ಆಗ ಬಿಯಾಕಾ ಕೂತಲ್ಲಿಂದಲೇ ಒಂದು ದುಃಖದ ಹಾಡು ಎತ್ತಿದ. ದೊಡ್ಡ ದನಿಯಲ್ಲಲ್ಲ, ಸಾವಿನ ಮನೆಯಲ್ಲಿ, ಮಾತು ನಿಂತಾಗ, ಯಾರಾದರೊಬ್ಬರು ಎತ್ತುವ ಹಾಗೆ. ಹಾಡಿನ ಎರಡನೆಯ ಸಾಲಿಗೆ ಕೇರಿಯವರು ಸೇರಿದರು, ಮೂರನೆಯದಕ್ಕೆ ಸಭಾಂಗಣದ ಮುಕ್ಕಾಲು ಜನ. ಅದಕ್ಕೆ ಬಡಿಯುವ ಡೋಲು ಇರಲಿಲ್ಲ, ಯಾರೋ ಕುರ್ಚಿಯ ಬೆನ್ನಿಗೆ ನಿಧಾನವಾಗಿ ಕೈ ಬಡಿಯತೊಡಗಿದರು. ಜೋದಿನಿ ಹಾಡಲಿಲ್ಲ. ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು, ನಾಲ್ಕು ವರ್ಷಗಳಲ್ಲಿ ಮೊದಲ ಸಲ, ದನಿ ತೆಗೆದು ಅತ್ತಳು. ಮೇಲೆ ಮೇಜಿನ ಹಿಂದೆ ಪು ದೆಂಗಾ ಒಬ್ಬರೇ ನಿಂತಿದ್ದರು. ಹಾಡಬೇಕೋ ಕೂರಬೇಕೋ ತಿಳಿಯದೆ, ಪೊಟ್ಟಣವನ್ನು ಎದೆಗಾನಿಸಿಕೊಂಡು, ಗಂಟನ್ನು ಉಗುರಿನಿಂದ ಬಿಡಿಸುತ್ತಲೇ ಇದ್ದರು.