ಜುಮಾದಿಲ್ ಅಗಾನ ಬಲಗಾಲಿನ ಕ್ಲಿಪ್ಪು

ಬಟ್ಟೆ ಒಣಹಾಕುವ ಮರದ ಕ್ಲಿಪ್ಪೊಂದು, ನಾವೆಲ್ಲ ಅಗಾ ಅಂದರೆ ದೊಡ್ಡಣ್ಣ ಎನ್ನುವ ಜುಮಾದಿಲ್ ಅಗಾನ ಬಲಗಾಲಿನ ಪ್ಯಾಂಟಿನಂಚನ್ನು ಸದಾ ಕಚ್ಚಿಕೊಂಡಿರುತ್ತಿತ್ತು. ಸೈಕಲ್ಲಿನ ಚೈನಿಗೆ ಪ್ಯಾಂಟು ಸಿಕ್ಕದಿರಲೆಂದು ಹರೆಯದಲ್ಲಿ ಹಾಕಿಕೊಂಡದ್ದನ್ನು ಆತ ಮದುವೆಮನೆಯಲ್ಲೂ ಬಿಚ್ಚಲಿಲ್ಲ, ಸಾವಿನ ಮನೆಯಲ್ಲೂ ಬಿಚ್ಚಲಿಲ್ಲ. ಕೊನೆಗೆ ಸೈಕಲ್ಲನ್ನೇ ಬಿಟ್ಟು, ಹನ್ನೊಂದು ವರ್ಷ ಬ್ರೆಡ್ಡಿನ ಲಾರಿ ಓಡಿಸಿ, ನೂರಾ ಹದಿನೆಂಟು ಕಿಲೋ ತೂಗುವ ಹೊತ್ತಿಗೂ ಬಿಚ್ಚಲಿಲ್ಲ. ನಡೆಯುವಾಗ ಮೊಣಕಾಲನ್ನು ಅಗತ್ಯಕ್ಕಿಂತ ಒಂದು ಗೇಣು ಮೇಲೆತ್ತಿ, ಕಾಣದ ಪೆಡಲನ್ನು ತುಳಿದಂತೆ ಕೆಳಗಿಳಿಸುವುದು ಅವನ ರೀತಿ. ಯಾರೇನು ಕೇಳಿದರೂ, ಅದು ಮಗಳ ಸಂಬಂಧದ ಮಾತಾಗಲಿ, ಕುರಿಯ ವ್ಯಾಪಾರವಾಗಲಿ, ಮೊದಲು ಮೂಗು ಮೇಲೆತ್ತಿ, "ಗಾಳಿ ಯಾವ ಕಡೆಗಿದೆ?" ಅನ್ನುವನು. ಉತ್ತರ ಆಮೇಲೆ.

ಒಂದು ಚಳಿಗಾಲ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ. ಅಲ್ಲಿನ ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವನನ್ನೂ, ಹಾಸಿಗೆ ಸುತ್ತ ನಿಂತಿದ್ದ ಅವನ ಬಳಗವನ್ನೂ ನೋಡಿ ಹೇಳಿದ್ದನ್ನು ನಮ್ಮ ತಲ್ಗಾರ್ ಪೇಟೆ ಇವತ್ತಿಗೂ ಮರೆತಿಲ್ಲ:

"ಎರಡರಲ್ಲಿ ಒಂದು ಮಾಡಿ ಅಗಾ. ಮೂವತ್ತು ಕಿಲೋ ಇಳಿಸಿ, ಇಲ್ಲಾಂದ್ರೆ ನಿಮ್ಮ ತಿಥಿಯೂಟಕ್ಕೆ ಕುಯ್ಯೋ ಕುದುರೆ ಈಗಲೇ ಆರಿಸಿಡಿ. ದಪ್ಪದ್ದೇ ಆರಿಸಿ, ನಿಮ್ಮ ನೆಂಟರೂ ನಿಮ್ಮ ಹಾಗೇ ಇದಾರೆ."

ಏಪ್ರಿಲ್ಲಿನ ಒಂದು ಭಾನುವಾರ, ಸೇಬಿನ ತೋಪುಗಳು ಬಿಳಿಯಾಗಿ ಅರಳಿದ್ದಾಗ, ಬಜಾರಿನ ಬಾಗಿಲಲ್ಲಿ ವಾರದ ಸವಾರಿಗೆಂದು ಸೈಕಲ್ ಹಿಡಿದು ನಿಂತಿದ್ದ ನಾವು ಹನ್ನೊಂದು ಜನ ಆತ ತನ್ನ ಹಳೆಯ ಕೆಂಪು ಸೈಕಲ್ಲನ್ನು ತಳ್ಳಿಕೊಂಡು ಬಂದದ್ದು ಕಂಡು ದಂಗಾಗಿಹೋದೆವು.

"ಲೇ ಕೆಂಜೆಬೆಕ್, ಆಂಬುಲೆನ್ಸಿನ ನಂಬರು ಇಟ್ಕೊಂಡಿದೀಯಾ?" ಎಂದು ನನ್ನನ್ನೇ ಕೇಳಿದ.

"ಇದೆ ಅಗಾ."

"ಬಿಸಾಕು. ಈ ಭಾರ ಅವರಿಗೆ ಎತ್ತಕ್ಕಾಗಲ್ಲ."

ನಾನೂರು ಮೀಟರು ಹೋದ. ಆಮೇಲೆ ಪಾಪ್ಲರ್ ಮರಕ್ಕೊರಗಿ ಕೂತು, ಬೀಟ್‌ರೂಟಿನಂತಾದ ಮುಖದಲ್ಲಿ ಕಣ್ಣೆರಡನ್ನೂ ತೇಲಿಸಿಬಿಟ್ಟ. ಸತ್ತನೆಂದೇ ತಿಳಿದು ನಾನು ಅವನ ಕೆನ್ನೆಗೆ ಬಾರಿಸಿದ್ದೂ ಉಂಟು. ಮುಂದಿನ ಭಾನುವಾರ ಮತ್ತೆ ಬಂದ, ಅದರ ಮುಂದಿನದೂ. ಹೆಂಡತಿ ಉಲ್ಜಾನ್ ಬೆಣ್ಣೆಗೆ ಬೀಗ ಹಾಕಿದಳು, ಕುದುರೆಮಾಂಸದ ಸಾಸೇಜನ್ನು ನಾದಿನಿಯ ಮನೆಗೆ ಸಾಗಿಸಿದಳು. ಜೂನಿನ ಹೊತ್ತಿಗೆ ಆತ ನಮ್ಮೊಂದಿಗೆ ಎಸಿಕ್ ಊರಿನ ಟೀ ಅಂಗಡಿಯವರೆಗೂ ಬಂದು ಮುಟ್ಟತೊಡಗಿದ.

ತಪ್ಪು ನಡೆದದ್ದು ಆಗ, ಮಾಡಿದವನು ನಾನೇ. ಗುಂಪಿನ ಸವಾರಿಯಲ್ಲಿ ಮುಂದಿರುವವನು ಎದುರುಗಾಳಿಯನ್ನು ಒಡೆಯುತ್ತಾನೆ, ಹಿಂದಿನವರು ಅವನ ಮರೆಯಲ್ಲಿ ಹಗುರಾಗಿ ಸಾಗುತ್ತಾರೆ. ಮೂರು ನಿಮಿಷ ಕಳೆದರೆ ಹಿಂದಿನವನು ಪಕ್ಕದಿಂದ ದಾಟಿ ಬಂದು ಆ ಗಾಳಿಯನ್ನು ತನ್ನೆದೆಗೆ ತೆಗೆದುಕೊಳ್ಳಬೇಕು. ಜುಮಾದಿಲ್ ಅಗಾ ಮೊದಲ ಬಾರಿಗೆ ಮುಂದೆ ಹೋದ ದಿನ ಮೂರು ನಿಮಿಷವಾಯಿತೆಂದು ಯೆರ್ನಾರ್ ಎಂಬ ಹುರಿಯಾಳು ದಾಟಲು ಎದ್ದ. ನನ್ನ ಪಿತ್ತ ನೆತ್ತಿಗೇರಿತು. ಅವನ ಅಂಗಿ ಹಿಡಿದೆಳೆದು ಹಲ್ಲು ಕಡಿದೆ: "ಲೇ, ನಿಮ್ಮಪ್ಪನಿಗಿಂತ ದೊಡ್ಡವನನ್ನ ಹಿಂದೆ ಹಾಕ್ತೀಯಾ? ಹಿರೀಕರ ತಟ್ಟೇಲಿ ಕುರಿತಲೆ ಬಂದಾಗ್ಲೂ ಮೊದಲ ಚಾಕು ನೀನೇ ಹಾಕ್ತೀಯೇನೋ?" ಹುಡುಗ ಕುಗ್ಗಿಹೋದ. ಮನೆಯಲ್ಲಿ ಹಿರಿಯನನ್ನು ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ಕೂರಿಸುವ ಜನ ನಾವು, ರಸ್ತೆಯಲ್ಲೂ ಹಾಗೇ ಕೂರಿಸಿಬಿಟ್ಟೆವು. ಅಂದಿನಿಂದ ಬ್ರೇಕ್ ಹಿಡಿದಾದರೂ ಹಿಂದೆಯೇ ಉಳಿದೆವು, ಒಬ್ಬನೂ ಅವನನ್ನು ದಾಟಲಿಲ್ಲ.

ಆತನಿಗೆ ತಿಳಿಯಲಿಲ್ಲ. ತನ್ನ ಕಾಲಿನ ಬಲ ಮರಳಿತೆಂದೇ ನಂಬಿದ. ಟೀ ಬಟ್ಟಲು ಎತ್ತಿ, "ಯಾಕ್ರೋ, ನಿಮ್ಮೆಂಡ್ತೀರು ಊಟ ಹಾಕಲ್ವಾ? ಅರವತ್ಮೂರರ ಮುದುಕನ್ನ ದಾಟಕ್ಕಾಗ್ದಿದ್ರೆ ಮೇಕೆ ಮೇಯಿಸ್ಕೊಂಡಿರಿ!" ಎಂದು ಹಂಗಿಸುವನು. ಅವನ ಮುಖದಲ್ಲಿ ಹನ್ನೊಂದು ವರ್ಷದಿಂದ ಕಾಣದ ಕಳೆಯನ್ನು ಕಂಡು ನಾವು ನಮ್ಮ ನಮ್ಮ ಬಟ್ಟಲಿನೊಳಗೆ ಇಣುಕಿ ನೋಡುತ್ತಿದ್ದೆವು.

ಜುಲೈಯ ಒಂದು ಬೆಳಿಗ್ಗೆ, ಅಂಚೆ ಕಚೇರಿಯಿಂದ ನಿವೃತ್ತಳಾದ ವರ್ವಾರಾ ಪೆತ್ರೋವ್ನಾ ತುಕ್ಕು ಹಿಡಿದ ಸೈಕಲ್ಲಿನ ಹಿಂದೆ ಟೊಮ್ಯಾಟೊ ಪೆಟ್ಟಿಗೆ ಕಟ್ಟಿಕೊಂಡು ಬಂದವಳು ನಮ್ಮ ಸಾಲನ್ನು ಸಲೀಸಾಗಿ ದಾಟಿದಳು. ದಾಟುತ್ತಲೇ ಕೂಗಿದಳು: "ಯಾರ ಶವಯಾತ್ರೆ ಗಂಡಸರೇ? ಸತ್ತೋರು ಯಾರು?"

ಜುಮಾದಿಲ್ ಅಗಾ ಸೀಟಿನಿಂದೆದ್ದು ಅವಳ ಬೆನ್ನು ಹತ್ತಿದ. ಟೊಮ್ಯಾಟೊ ಪೆಟ್ಟಿಗೆ ತಿರುವಿನಲ್ಲಿ ಮರೆಯಾಯಿತು. ಆತ ಹಿಂತಿರುಗಿ ನಮ್ಮನ್ನು ನೋಡಿದ: ಒಬ್ಬನಿಗೂ ಉಸಿರು ಮೇಲೇರಿರಲಿಲ್ಲ, ಒಬ್ಬನ ಹಣೆಯ ಮೇಲೂ ಬೆವರಿರಲಿಲ್ಲ. ಆವತ್ತು ಟೀ ಕುಡಿಯದೆ ಮನೆಗೆ ತಿರುಗಿದ.

ಮಾರನೇ ದಿನ ನನ್ನ ಸೈಕಲ್ ರಿಪೇರಿ ಅಂಗಡಿಗೆ ಬಂದ. ಬೆಂಚಿನ ಕೆಳಗಿದ್ದ ಡಬ್ಬಿಯನ್ನು ಕಾಲಿನಿಂದ ಎಳೆದ. ಅದರ ತುಂಬ ಸವೆದ ಬ್ರೇಕಿನ ರಬ್ಬರುಗಳು. ಒಂದನ್ನೆತ್ತಿ ಬೆಳಕಿಗೆ ಹಿಡಿದ, ಇನ್ನೊಂದನ್ನೆತ್ತಿದ.

"ಎಲ್ಲಾ ನಮ್ಮೋರವೇ ಏನಯ್ಯಾ?"

"ಹೂಂ ಅಗಾ."

"ಒಂದೇ ಬೇಸಿಗೇಲಿ?"

ಆತ ಬಗ್ಗಿದ. ಹೊಟ್ಟೆ ಕರಗಿದ್ದರಿಂದ ಈಗ ಬಗ್ಗಲು ಆಗುತ್ತಿತ್ತು. ಬಲಗಾಲಿನ ಕ್ಲಿಪ್ಪನ್ನು ತೆಗೆದು ಬೆಂಚಿನ ಮೇಲಿಟ್ಟ. ಅವನ ಮೈಯಿಂದ ಒಂದು ಬೆರಳು ಕಳಚಿಬಿದ್ದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ.

"ನಾನು ಸೈಕಲ್ ಹೊಡೀತಿದೀನಿ ಅನ್ಕೊಂಡಿದ್ದೆ ಕೆಂಜೆಬೆಕ್. ನೀವು ನನ್ನ ಮೆರವಣಿಗೆ ಮಾಡ್ತಿದ್ರಿ."

ಮೂರು ಭಾನುವಾರ ಆತ ಬರಲಿಲ್ಲ. ಉಲ್ಜಾನ್ ಬಂದು ಅಂಗಡಿಯ ಬಾಗಿಲಲ್ಲಿ ನಿಂತು ನನಗೆ ಉಗಿದಳು: "ಏನ್ ಮಾಡಿದ್ರೋ ಪಾಪಿಗಳಾ? ಬೆಳಗಾಗೋದೇ ತಡ, ಒಬ್ನೇ ಗುಡ್ಡಕ್ಕೆ ಹೋಗ್ತಾನೆ. ಬಂದು ಬೇಯಿಸಿದ ಕೋಸು ತಿಂತಾನೆ. ಗಾಳಿ ಯಾವ ಕಡೆ ಅಂತಾನೂ ಕೇಳಲ್ಲ! ಆ ಮನುಷ್ಯ ಸತ್ರೆ ಆ ಕುದುರೆ ಬದಲು ನಿನ್ನೇ ಕುಯ್ಯಿಸ್ತೀನಿ."

ನಾಲ್ಕನೆಯ ಭಾನುವಾರ ಆತ ಬಜಾರಿನ ಬಾಗಿಲಲ್ಲಿ ನಮಗಿಂತ ಮೊದಲೇ ನಿಂತಿದ್ದ, ಕಂಕುಳಲ್ಲಿ ದುಂಡನೆಯ ದೊಡ್ಡ ರೊಟ್ಟಿ. ಅದನ್ನು ಮುಂದೆ ಚಾಚಿ, "ಮುಟ್ಟಿ," ಅಂದ. ರೊಟ್ಟಿ ಮುಟ್ಟಿ ಆಣೆಯಿಟ್ಟರೆ ನಮ್ಮಲ್ಲಿ ಸುಳ್ಳಾಡುವವನಿಲ್ಲ. "ಹಿರೀಕನ ಹುಕುಂ ಇದು. ಇವತ್ತು ನನ್ನ ಸಲುವಾಗಿ ಬ್ರೇಕ್ ಹಿಡಿದವನು ನಾಳೆ ನನ್ನ ಹೆಣಕ್ಕೆ ಮಣ್ಣು ಹಾಕಕ್ಕೂ ಬರಕೂಡದು." ಹನ್ನೊಂದು ಕೈಗಳು ರೊಟ್ಟಿಯ ಮೇಲೆ ಬಂದವು.

ಹೊರಟೆವು. ತನ್ನ ಸರದಿಯಲ್ಲಿ ಆತ ಮುಂದೆ ಹೋಗಿ ಮೂರು ನಿಮಿಷ ಗಾಳಿ ಒಡೆದ, ನಿಜವಾದ ಮೂರು ನಿಮಿಷ. ಯೆರ್ನಾರ್ ಅಳುಮೋರೆ ಮಾಡಿಕೊಂಡು ಅವನನ್ನು ದಾಟಿದ. ಆಮೇಲೆ ಇನ್ನೊಬ್ಬ. ಕೊನೆಗೆ ನಾನು. ಏರು ಬಂದಾಗ ಹಿಂದೆ ನೋಡಿದರೆ ಆತ ಒಂದು ಕೆಂಪು ಚುಕ್ಕೆಯಾಗಿದ್ದ. ತಲೆ ತಗ್ಗಿತ್ತು, ಹೆಗಲು ಕುಲುಕುತ್ತಿದ್ದವು. ಎದೆಗೆ ಏನೋ ಆಯಿತೆಂದು ನನ್ನ ಕೈ ತಾನಾಗಿ ಬ್ರೇಕಿಗೆ ಹೋಯಿತು. ರೊಟ್ಟಿ ನೆನಪಾಗಿ ಹಿಂದೆ ಬಂತು. ಆ ಏರು ನಾನು ಹತ್ತಿದ ಏರುಗಳಲ್ಲೆಲ್ಲ ಉದ್ದವಾದದ್ದು.

ಎಸಿಕ್‌ನಲ್ಲಿ ನಮ್ಮ ಟೀ ಆರಿತು. ಯಾರೂ ಕುಡಿಯಲಿಲ್ಲ. ಹತ್ತೊಂಬತ್ತು ನಿಮಿಷವಾದ ಮೇಲೆ ಕೆಂಪು ಸೈಕಲ್ಲು ಬಂತು. ಇಳಿದವನು ಹ್ಯಾಂಡಲಿನ ಮೇಲೆ ಬಾಗಿ ನಕ್ಕ; ಕಣ್ಣಲ್ಲಿ ನೀರು ಬರುವಂತೆ, ಹೆಗಲು ಕುಲುಕುವಂತೆ ನಕ್ಕ. ದಾರಿಯುದ್ದಕ್ಕೂ ಹೀಗೆಯೇ ನಗುತ್ತ ಬಂದಿದ್ದನೆಂದು ಹೊಳೆದಾಗ ನಾವೆಲ್ಲ ಸಿಡಿಲು ಬಡಿದವರಂತೆ ನಿಂತೆವು.

"ಬಿಟ್ಟು ಬಂದ್ರಲ್ಲೋ ಕಳ್ನನ್ಮಕ್ಳಾ!" ಎಂದು ಯೆರ್ನಾರನ ತಲೆ ಹಿಡಿದು ಹಣೆಗೆ ಮುತ್ತಿಟ್ಟ. "ಎಷ್ಟೊತ್ತಾಯ್ತು?"

"ಹತ್ತೊಂಬತ್ತು ನಿಮಿಷ ಅಗಾ."

"ಮುಂದಿನ ವಾರ ಹದಿನೆಂಟು." ಬಲಗಾಲನ್ನು ಬೆಂಚಿನ ಮೇಲಿಟ್ಟು ನನ್ನ ಕಡೆ ಕೈ ಚಾಚಿದ. "ಕೊಡಯ್ಯಾ ನನ್ನ ಕ್ಲಿಪ್ಪು."

ನಾಲ್ಕು ವಾರದಿಂದ ನನ್ನ ಜೇಬಿನಲ್ಲೇ ಇತ್ತು. ಕೊಟ್ಟೆ. ಅದನ್ನು ಸಿಕ್ಕಿಸಿಕೊಂಡು ಆತ ಮೂಗು ಮೇಲೆತ್ತಿದ: "ವಾಪಸ್ ಹೋಗ್ತಾ ಗಾಳಿ ಯಾವ ಕಡೆಗಿದೆ?"

ಅಕ್ಟೋಬರಿನ ಹೊತ್ತಿಗೆ ಹತ್ತೊಂಬತ್ತು ನಾಲ್ಕಕ್ಕೆ ಇಳಿದಿತ್ತು, ನನ್ನ ಅಂಗಡಿಯ ಡಬ್ಬಿಗೆ ಸವೆದ ಬ್ರೇಕ್ ರಬ್ಬರು ಬೀಳುವುದು ನಿಂತಿತ್ತು. ಹಿರಿಯರಿಗೆ ಗೌರವದ ಜಾಗ, ಮೃದುವಾದ ದಿಂಬು, ಕುರಿಯ ತಲೆ ಎಲ್ಲವನ್ನೂ ಕೊಡಲು ನಮ್ಮ ಜನಕ್ಕೆ ಗೊತ್ತು. ಆದರೆ ಜುಮಾದಿಲ್ ಅಗಾನ ಜಾತಿಯ ಮನುಷ್ಯರು ಎಲ್ಲ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ಅವರು ಕೇಳುವುದು ಅದ್ಯಾವುದನ್ನೂ ಅಲ್ಲ. ತಮ್ಮ ಪಾಲಿನ ಎದುರುಗಾಳಿಯನ್ನು ಕೇಳುತ್ತಾರೆ, ಸೋಲುವ ಕಡೆ ಸೋಲಲು ಬಿಡಿ ಅನ್ನುತ್ತಾರೆ. ಅವರನ್ನು ಹೊತ್ತು ಮೆರೆಸುವವರು ಜೀವವಿರುವಾಗಲೇ ಚಟ್ಟ ಕಟ್ಟುತ್ತಾರೆ; ಏರಿನಲ್ಲಿ ಬಿಟ್ಟು ಹೋಗಿ, ಟೀ ಆರಿದರೂ ಕುಡಿಯದೆ ಕಾಯುವವರೇ ಅವರ ಪಾಲಿಗೆ ನೆಂಟರು.